ವಿದ್ಯಾರ್ಥಿ ಭವನದ ದೋಸೆ, ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಇಡ್ಲಿ

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ನಮ್ಮ ಗೆಳೆಯರ ಬಳಗದಲ್ಲಿ ಎರಡು ಪಕ್ಷಗಳಿದ್ದವು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆಗೆ ಸಾಟಿಯಿಲ್ಲ ಎನ್ನುವವರು ಕೆಲವರು, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಇಡ್ಲಿ-ವಡೆಯನ್ನು ಬಿಟ್ಟುಕೊಡದವರು ಉಳಿದವರು. ಎರಡು ಕಡೆಯೂ ಮನಸಾರೆ ತಿಂದಿರುವ ನಾನು ಇವನ್ನು ಚಟ್ನಿಯಿಂದಲೇ ಅಳೆಯುತ್ತೇನೆ. ಏಕೆಂದರೆ ಅಲ್ಲಿನ ದೋಸೆಗಾಗಲಿ ಇಲ್ಲಿನ ಇಡ್ಲಿಗಾಗಲಿ ಸಾಂಬಾರಿನ ಆಸರೆಯಿಲ್ಲ.

ವಿದ್ಯಾರ್ಥಿ ಭವನ 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳಿಗಾಗಿ ಆರಂಭವಾದ ಹೋಟೆಲು. ಜಾಗಕ್ಕಾಗಿ ಕಾಯಬೇಕು, ಸಿಕ್ಕಿದ ಮೇಲೆ ಅಪರಿಚಿತರೊಡನೆ ಮೇಜು ಹಂಚಿಕೊಳ್ಳಬೇಕು. ಪಂಚೆಯುಟ್ಟ ಸಪ್ಲೈಯರ್ ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು, ಕಾಯುತ್ತಿರುವವರ ನಡುವೆ ನುಸುಳಿ ಬಂದು, ಒಂದೊಂದನ್ನೇ ಮೇಜಿನ ಮೇಲಿಡುವುದನ್ನು ನೋಡುವುದೇ ಒಂದು ಸೊಗಸು. ದೋಸೆ ದಪ್ಪಗಿರುತ್ತದೆ, ಹೊರಮೈ ಕೆಂಪಗೆ ಗರಿಗರಿ, ಮುರಿದರೆ ಒಳಗೆ ಮೆತ್ತಗೆ. ಚಟ್ನಿ ನೀರಾಯಿತೆಂದು ಕೆಲವರು ದೂರುತ್ತಾರೆ. ನನಗದು ಒಪ್ಪಿಗೆಯಿಲ್ಲ, ಆ ದಪ್ಪ ದೋಸೆ ಹೀರಿಕೊಳ್ಳಲು ತೆಳುವಾದ ಚಟ್ನಿಯೇ ಸರಿ.

1965ರಿಂದ ನಡೆದುಬಂದಿರುವ ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಬಿಟ್ಟರೆ ಬೇರೆ ಹೆಚ್ಚೇನೂ ಕೇಳುವಂತಿಲ್ಲ. ಕೂರುವ ಏರ್ಪಾಡಿಲ್ಲ, ತಟ್ಟೆ ಹಿಡಿದು ಹೊರಗೆ ನಿಂತೇ ತಿನ್ನಬೇಕು. ಆದರೆ ಚಟ್ನಿ ಬಡಿಸುವುದಕ್ಕೆಂದೇ ಒಬ್ಬರು ನಿಂತಿರುತ್ತಾರೆ, ಎಷ್ಟು ಸಲ ತಟ್ಟೆ ಚಾಚಿದರೂ ಬೇಸರಿಸದೆ ಸುರಿಯುತ್ತಾರೆ. ಇಡ್ಲಿ ಅದರಲ್ಲಿ ಮುಳುಗಿ, ಅಂಚು ನೆನೆದು, ಬೆರಳು ತಾಗಿದರೆ ಬಿಡಿಸಿಕೊಳ್ಳುವ ಹದಕ್ಕೆ ಬಂದಾಗ ತಿನ್ನಬೇಕು. ತಿಂಗಳ ಕೊನೆಯಲ್ಲಿ ಜೇಬು ಬರಿದಾಗುತ್ತಿದ್ದ ನಮಗೆ ಆ ಧಾರಾಳತನ ಎಷ್ಟು ದೊಡ್ಡದಾಗಿತ್ತೆಂಬುದನ್ನು ನಾನಿಂದಿಗೂ ಮರೆತಿಲ್ಲ.

ಚಟ್ನಿಯೊಂದನ್ನೇ ನೋಡಿದರೆ ಬ್ರಾಹ್ಮಿನ್ಸ್ ಮೇಲು. ವಿದ್ಯಾರ್ಥಿ ಭವನದ ದೋಸೆಯನ್ನು ಬರೀ ಆಲೂಗಡ್ಡೆ ಪಲ್ಯದೊಡನೆಯೂ ಖುಷಿಯಾಗಿ ತಿನ್ನಬಹುದು, ಅದು ಆ ದೋಸೆಯ ಹೆಚ್ಚುಗಾರಿಕೆ. ಬೆಳಗಿನ ಮೊದಲ ಕ್ಲಾಸಿಗೆ ಮುಂಚೆ ಗಳಿಗೆಯಲ್ಲಿ ತಿಂಡಿ ಮುಗಿಸಲು ಬ್ರಾಹ್ಮಿನ್ಸ್ ಅನುಕೂಲವಾಗಿತ್ತು. ಪರೀಕ್ಷೆ ಮುಗಿದ ದಿನ ಗುಂಪಾಗಿ ಹೋಗಿ, ಕಾಯುತ್ತಲೇ ಹರಟೆ ಹೊಡೆಯಲು ಗಾಂಧಿ ಬಜಾರೇ ಬೇಕಿತ್ತು. ಒಂದನ್ನೇ ಆರಿಸೆಂದರೆ, ನನ್ನ ಮತ ಇಂದಿಗೂ ಶಂಕರಪುರಕ್ಕೆ. ಭಾನುವಾರ ಅಲ್ಲಿ ರಜೆಯಾದ್ದರಿಂದ ಅಂದು ಮಾತ್ರ ದೋಸೆಯ ಪಕ್ಷ ಸೇರುತ್ತೇನೆ.