370ಝಡ್‌ಗೆ ಸಿಂಗಲ್ ಟರ್ಬೊನಾ, ಟ್ವಿನ್ನಾ? ಮೊದಲು ಆಯಿಲ್ ದಾರಿ ನೋಡಿ

ಸ್ಪೋರ್ಟ್ಸ್ ಕಾರು ನಿಸ್ಸಾನ್ 370ಝಡ್‌ಗೆ ಟರ್ಬೊ (ಎಂಜಿನ್ ಹೊಗೆಯ ಬಲದಿಂದ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕಿಸಲು ಹೊರಟವರೆಲ್ಲ ಕೇಳುವುದು ಒಂದೇ: ಸಿಂಗಲ್, ಅಂದರೆ ಒಂದೇ ಟರ್ಬೊ ಒಳ್ಳೆಯದಾ, ಟ್ವಿನ್, ಅಂದರೆ ಎರಡು ಒಳ್ಳೆಯದಾ? ಎಷ್ಟು ಹಾರ್ಸ್‌ಪವರ್, ಎಷ್ಟು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಅನ್ನುವ ಪಟ್ಟಿಗಳನ್ನು ನೀವು ಆಗಲೇ ನೋಡಿರುತ್ತೀರಿ. ಅದನ್ನು ಬಿಡುತ್ತೇನೆ. ನನ್ನ ಕಾರಿನಲ್ಲಿ ಕೆಲವು ವರ್ಷಗಳಿಂದ ಟ್ವಿನ್ ಕಿಟ್ ಇದೆ. ಗೆಳೆಯನ ಹತ್ತಿರ ಇದೇ ಕಾರು, ಸಿಂಗಲ್ ಕಿಟ್. ಅದನ್ನೂ ಬೇಕಾದಷ್ಟು ಓಡಿಸಿದ್ದೇನೆ. ಈಗ ಯಾರಾದರೂ ಸಲಹೆ ಕೇಳಿದರೆ ನಾನು ತಿರುಗಿ ಕೇಳುವುದು ಬೇರೆಯೇ: ಆ ಕಿಟ್‌ನಲ್ಲಿ ಟರ್ಬೊದಿಂದ ಆಯಿಲ್ ವಾಪಸ್ ಹೇಗೆ ಹೋಗುತ್ತದೆ?

ಮೊದಲು ಖುಷಿಯ ವಿಷಯ ಹೇಳುತ್ತೇನೆ. ಈ 3.7 ಲೀಟರ್ ವಿ6 ಎಂಜಿನ್ನಿಗೆ ಎರಡು ಟರ್ಬೊ ಹೇಳಿ ಮಾಡಿಸಿದ ಹಾಗೆ ಹೊಂದುತ್ತವೆ. ಇದರ ಆರು ಸಿಲಿಂಡರ್ ಮೂರು ಮೂರಾಗಿ ಎರಡು ಬದಿಯಲ್ಲಿವೆ. ಎರಡು ಬದಿಗೂ ಬೇರೆ ಬೇರೆ ಎಕ್ಸಾಸ್ಟ್ (ಹೊಗೆ ಕೊಳವೆ), ಬೇರೆ ಬೇರೆ ಥ್ರಾಟಲ್ ಬಾಡಿ (ಗಾಳಿ ಒಳಬಿಡುವ ಬಾಗಿಲು). ಕಂಪನಿಯಿಂದಲೇ ಹಾಗೆ ಬರುತ್ತದೆ. ಮೂರು ಮೂರು ಸಿಲಿಂಡರ್‌ಗೆ ಒಂದೊಂದು ಸಣ್ಣ ಟರ್ಬೊ. ಹೊಗೆ ದೂರ ಹೋಗಬೇಕಿಲ್ಲ, ಅದರ ಬಿಸಿ ದಾರಿಯಲ್ಲೇ ಕಳೆದುಹೋಗುವುದಿಲ್ಲ. ಸಿಂಗಲ್‌ನಲ್ಲಿ ಒಂದು ಬದಿಯ ಹೊಗೆಯನ್ನು ಪೈಪ್ ಹಾಕಿ ಇನ್ನೊಂದು ಬದಿಗೆ ತರಬೇಕು. ಎರಡು ಸಣ್ಣ ಟರ್ಬೊ ಕೊಡುವಷ್ಟು ಗಾಳಿಯನ್ನು ಒಂದೇ ಕೊಡಬೇಕಾದರೆ ಅದರ ಚಕ್ರ ಸುಮಾರು 1.4 ಪಟ್ಟು ಅಗಲ ಇರಬೇಕು. ಆಕಾರ ಅದೇ ಇದ್ದು ಅಗಲ ಅಷ್ಟು ಹೆಚ್ಚಿದರೆ ಜಡತ್ವ (ತಿರುಗಲು ತೋರುವ ಸೋಮಾರಿತನ) ಐದು ಪಟ್ಟಿಗೂ ಜಾಸ್ತಿ ಆಗುತ್ತದೆ. ದೊಡ್ಡದಕ್ಕೆ ಎರಡೂ ಬದಿಯ ಹೊಗೆ ಸಿಗುತ್ತದೆ ನಿಜ. ಆದರೂ ಬೇಗ ಎಚ್ಚರಾಗುವುದು ಸಣ್ಣವೇ.

ಓಡಿಸುವಾಗ ಅದು ಗೊತ್ತಾಗುವುದು ಪೂರ್ತಿ ಒತ್ತಿದಾಗ ಅಲ್ಲ. ಮೂರನೇ ಗೇರ್, 3000 ಆರ್‌ಪಿಎಂ, ಮುಂದೆ ಒಂದು ಲಾರಿ. ಆಕ್ಸಿಲರೇಟರ್ ಮೇಲೆ ಕಾಲನ್ನು ಸ್ವಲ್ಪ ಭಾರ ಮಾಡಿದರೆ ಸಾಕು, ಕಾರು ಮೆತ್ತಗೆ ಎಳೆದುಕೊಂಡು ಹೋಗುತ್ತದೆ. ಗೇರ್ ಇಳಿಸುವುದೇ ಬೇಡ. ಕಿಟ್ ಕೊಳ್ಳುವಾಗ ನಾನು ಇದನ್ನು ಎಣಿಸಿರಲಿಲ್ಲ. ದಿನಾ ಸಿಗುವ ಸುಖ ಇದೇ.

ಇಷ್ಟು ಚೆನ್ನಾಗಿರುವ ಕಿಟ್ಟನ್ನು ಒಂದು ಸಣ್ಣ ಪಂಪ್ ಹಾಳು ಮಾಡಿತ್ತು.

ಟರ್ಬೊದ ದಂಡ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಅದನ್ನು ಹಿಡಿದಿರುವುದು ತೆಳ್ಳಗಿನ ಆಯಿಲ್ ಪದರ. ಆಯಿಲ್ ಒಳಗೆ ಹೋಗುವಾಗ ಒತ್ತಡ ಇರುತ್ತದೆ, ಹೊರಗೆ ಬರುವಾಗ ಇರುವುದಿಲ್ಲ. ನೊರೆ ನೊರೆಯಾಗಿ, ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್ ಸೇರಬೇಕು. ಟರ್ಬೊ ಮೇಲಿದ್ದರೆ ಸೇರುತ್ತದೆ. ನನ್ನ ಕಿಟ್‌ನಲ್ಲಿ ಎರಡೂ ಟರ್ಬೊ ಕೆಳಗೆ, ನೆಲಕ್ಕೆ ಹತ್ತಿರ ಕೂತಿವೆ. ಅಲ್ಲಿಂದ ಆಯಿಲ್ ಮೇಲೆ ಹತ್ತಬೇಕು. ಅದಕ್ಕೇ ಎಳೆದು ಹಾಕುವ ಎಲೆಕ್ಟ್ರಿಕ್ ಪಂಪ್ ಕೊಟ್ಟಿದ್ದಾರೆ. ಆ ಪಂಪ್ ನಿಂತರೆ ಆಯಿಲ್ ಟರ್ಬೊದೊಳಗೇ ತುಂಬಿ, ಸೀಲ್ ದಾಟಿ ಎಕ್ಸಾಸ್ಟ್‌ಗೆ ಸುರಿಯುತ್ತದೆ.

ನನ್ನದು ನಿಂತಿತು. ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನ ಕಾರು ಕಾಣದಷ್ಟು ನೀಲಿ ಹೊಗೆ. ಟರ್ಬೊ ಸತ್ತೇ ಹೋಯಿತು ಅಂತ ಎದೆ ಒಡೆಯಿತು. ಬಿಚ್ಚಿ ನೋಡಿದರೆ ಟರ್ಬೊ ಎರಡೂ ಸರಿಯಾಗಿದ್ದವು, ಸುಟ್ಟಿದ್ದು ಪಂಪ್. ಬಿಸಿ ಆಯಿಲ್‌ನಲ್ಲಿ ಗಂಟೆಗಟ್ಟಲೆ ಓಡುವ ತಾಕತ್ತೇ ಅದಕ್ಕೆ ಇರಲಿಲ್ಲ. ಮಾರಿದವರು ಮೊದಲು ವೈರಿಂಗ್ ಸರಿ ಇಲ್ಲ ಅಂದರು. ವೈರಿಂಗ್ ಸರಿ ಇದೆ ಅಂತ ತೋರಿಸಿದ ಮೇಲೆ, ಪಂಪ್ ಆಗಾಗ ಬದಲಾಯಿಸುವ ಸಾಮಾನು, ವಾರಂಟಿ ಇಲ್ಲ ಅಂದರು. ಇದು ನನಗೆ ಇವತ್ತಿಗೂ ಸಿಟ್ಟಿನ ವಿಷಯ. ಎರಡು ಟರ್ಬೊ ಉಳಿಯುವುದೇ ಆ ಪಂಪ್‌ನಿಂದ. ಅದು ನಿಂತರೆ ಗೊತ್ತಾಗಲಿ ಅಂತ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ದೀಪವನ್ನೂ ಕೊಟ್ಟಿರಲಿಲ್ಲ.

ಹಳೆಯ ಪಂಪ್ ಕಿತ್ತು ಬಿಸಿ ಆಯಿಲ್‌ಗೆಂದೇ ಮಾಡಿದ ಗೇರ್ ಪಂಪ್ ಹಾಕಿಸಿದೆ. ಅದಕ್ಕೆ ಬೇರೆ ರಿಲೇ, ಬೇರೆ ಫ್ಯೂಸ್, ಎಚ್ಚರಿಕೆಯ ಕೆಂಪು ದೀಪ. ಎಂಜಿನ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಓಡಲಿ ಅಂತ ಟೈಮರ್. ಆಮೇಲೆ ಹೊಗೆ ಕಂಡಿಲ್ಲ, ಕಿಟ್ ಮೇಲಿನ ಪ್ರೀತಿಯೂ ವಾಪಸ್ ಬಂದಿದೆ. ಬೆಳಿಗ್ಗೆ ಕಾರು ಹತ್ತಿದರೆ ಸ್ಟಾರ್ಟ್ ಮಾಡುವ ಮುಂಚೆ ಪಂಪ್‌ನ ಗುಂಯ್ ಸದ್ದು ಕೇಳಿಸಿಕೊಳ್ಳುತ್ತೇನೆ. ಆಯಿಲ್ 80 ಡಿಗ್ರಿಗೆ ಬರುವವರೆಗೆ ಬೂಸ್ಟ್ ಮುಟ್ಟುವುದಿಲ್ಲ. ಮನೆ ಹತ್ತಿರ ಬಂದಾಗ ಕೊನೆಯ ಸ್ವಲ್ಪ ದೂರ ನಿಧಾನ, ಆಮೇಲೆ ಒಂದು ನಿಮಿಷ ಐಡಲ್. ಕೆಂಪಗೆ ಕಾದ ಟರ್ಬೊದಲ್ಲಿ ಆಯಿಲ್ ನಿಂತರೆ ಅದು ಸುಟ್ಟು ಕರಿಕಟ್ಟುತ್ತದೆ. ಕೀ ತೆಗೆದ ಮೇಲೂ ಪಂಪ್ ಓಡುತ್ತಲೇ ಇರುತ್ತದೆ. ಅದು ನಿಲ್ಲುವವರೆಗೆ ಕೂತು ಕೇಳುವುದು ನನಗೆ ಇಷ್ಟ.

ಸಿಂಗಲ್ ಆಗಲಿ ಟ್ವಿನ್ ಆಗಲಿ, ಈ ಎಂಜಿನ್‌ಗೆ ಟರ್ಬೊ ಕೂರಿಸುವ ಮುಂಚೆ ಎರಡು ಕೆಲಸ ಮಾಡಿಸಿ. ಎಂಜಿನ್ ಮುಂಭಾಗದ ಟೈಮಿಂಗ್ ಕವರ್ ಒಳಗೆ, ಆಯಿಲ್ ಹರಿಯುವ ದಾರಿಯ (ಗ್ಯಾಲರಿ) ಪೇಪರ್ ಗ್ಯಾಸ್ಕೆಟ್ ಸೋತು ಆಯಿಲ್ ಒತ್ತಡ ಬೀಳುವುದು ಈ ಎಂಜಿನ್‌ನ ಹಳೆಯ ಕಾಯಿಲೆ. ಲೋಹದ ಗ್ಯಾಸ್ಕೆಟ್ ಹಾಕಿಸಿಕೊಳ್ಳಿ. ಟರ್ಬೊ ಇಲ್ಲದಿದ್ದಾಗಲೇ ಟ್ರ್ಯಾಕ್‌ನಲ್ಲಿ ಇದರ ಆಯಿಲ್ ವಿಪರೀತ ಕಾಯುತ್ತದೆ, ಹಾಗಾಗಿ ದೊಡ್ಡ ಆಯಿಲ್ ಕೂಲರ್ ಬೇಕೇ ಬೇಕು. ಕ್ಲಚ್, ಇಂಜೆಕ್ಟರ್, ಟ್ಯೂನಿಂಗ್ ಖರ್ಚು ಬೇರೆ.

ಗೆಳೆಯನ ಕಾರಿನಲ್ಲಿ ಟರ್ಬೊ ಎತ್ತರದಲ್ಲಿದೆ. ಆಯಿಲ್ ತಾನಾಗಿ ಇಳಿಯುತ್ತದೆ, ಪಂಪೇ ಇಲ್ಲ. ಬೋನೆಟ್ ತೆಗೆದರೆ ಎಲ್ಲ ಪೈಪೂ ಕಣ್ಣಿಗೆ ಬೀಳುತ್ತವೆ. ನನ್ನದರಲ್ಲಿ ಒಂದು ಕ್ಲಾಂಪ್ ಬಿಗಿ ಮಾಡಲೂ ಕಾರು ಮೇಲೆತ್ತಬೇಕು. ಮೆಕ್ಯಾನಿಕ್ ಕೂಲಿಯಲ್ಲೇ ಆ ವ್ಯತ್ಯಾಸ ಕಾಣುತ್ತದೆ. ಅವನ ಕಾರು 4500 ದಾಟುವವರೆಗೆ ಸುಮ್ಮನಿದ್ದು, ಆಮೇಲೆ 7500ರವರೆಗೆ ಬಿಡದೆ ಎಳೆಯುತ್ತದೆ. ನೇರ ಟ್ರ್ಯಾಕ್‌ನಲ್ಲಿ ಓಡಿಸುವ ಅವನಿಗೆ ಅದೇ ಬೇಕು.

ನನ್ನ ಓಡಾಟ ಕೆಲಸಕ್ಕೆ ಮತ್ತು ತಿರುವಿನ ರಸ್ತೆಗಳಿಗೆ. ಈ ಎಂಜಿನ್‌ನ ಕಂಪ್ರೆಷನ್ (ಸಿಲಿಂಡರ್ ಗಾಳಿಯನ್ನು ಒತ್ತುವ ಪ್ರಮಾಣ) 11:1, ಮೊದಲೇ ಜಾಸ್ತಿ; ಹೆಚ್ಚು ಬೂಸ್ಟ್ ತಡೆಯಬೇಕಾದರೆ ಎಂಜಿನ್ ಬಿಚ್ಚಿಸಬೇಕು. ಅದಕ್ಕೆ ದುಡ್ಡು ಇಲ್ಲ, ಆದ್ದರಿಂದ ಬೂಸ್ಟ್ 0.5 ಬಾರ್ ಆಸುಪಾಸಿನಲ್ಲೇ ಇಟ್ಟಿದ್ದೇನೆ. ಈ ಬಳಕೆಗೆ ನಾನು ಮತ್ತೆ ಟ್ವಿನ್ನನ್ನೇ ಆರಿಸುತ್ತೇನೆ. ಆದರೆ ಒಳ್ಳೆಯ ಪಂಪ್‌ಗೆ ದುಡ್ಡು ಎತ್ತಿಡಲು ಆಗದಿದ್ದರೆ ಗೆಳೆಯನದರ ಹಾಗೆ ಟರ್ಬೊ ಎತ್ತರದಲ್ಲಿರುವ ಸಿಂಗಲ್ ತೆಗೆದುಕೊಳ್ಳಿ. ಟ್ವಿನ್ನೇ ಬೇಕು ಅಂದರೆ, ಮಾರುವವರಿಂದ ಪಂಪ್‌ನ ಹೆಸರು, ಅದು ತಡೆಯುವ ಬಿಸಿ, ವಾರಂಟಿ ಮೂರನ್ನೂ ಬರವಣಿಗೆಯಲ್ಲಿ ಪಡೆದು ಆಮೇಲೆ ಅಡ್ವಾನ್ಸ್ ಕೊಡಿ.