ಆರು ವರ್ಷ, 38,000 ಕಿ.ಮೀ.: ನನ್ನ ಅಲ್ಯೂಮಿನಿಯಂ ರೇಸ್ ಸೈಕಲ್

ಮೊದಲೇ ಹೇಳಿಬಿಡುತ್ತೇನೆ, ನಾನು ರೇಸ್ ಗೆದ್ದವನಲ್ಲ. ಆರು ವರ್ಷದಲ್ಲಿ 41 ಸಲ ಜೆರ್ಸಿಗೆ ನಂಬರ್ ಚುಚ್ಚಿಕೊಂಡಿದ್ದೇನೆ. ಒಂದೇ ಒಂದು ಸಲ ನಾಲ್ಕನೆಯವನಾಗಿ ಬಂದೆ, ಅದೂ ನನಗಿಂತ ಮುಂದಿದ್ದ ಇಬ್ಬರು ತಿರುವು ತಪ್ಪಿಸಿಕೊಂಡು ಬೇರೆ ಊರಿನ ದಾರಿ ಹಿಡಿದಿದ್ದರಿಂದ. ಆಫೀಸು, ಮನೆ, ಇಎಂಐ ಎಲ್ಲ ಇರುವ, ಭಾನುವಾರ ಬೆಳಗ್ಗೆ ಮಾತ್ರ ರೇಸರ್ ಆಗುವ ಮನುಷ್ಯನಿಗೆ ಈ ಸೈಕಲ್ ಹೇಗೆ ಅನ್ನೋದಷ್ಟೇ ಇಲ್ಲಿರುವ ವಿಷಯ.

ಸೈಕಲ್ 2019ರಲ್ಲಿ ತಗೊಂಡಿದ್ದು, ಲಕ್ಷಕ್ಕೆ ಸ್ವಲ್ಪ ಮೇಲೆ ಬಿತ್ತು. ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಗೇರು, ಬ್ರೇಕೆಲ್ಲ ಸೇರಿದ ಶಿಮಾನೋ 105 ಆರ್7000 ಗ್ರೂಪ್‌ಸೆಟ್, ಮುಂದೆ 50 ಮತ್ತು 34 ಹಲ್ಲಿನ ಎರಡು ಹಲ್ಲುಚಕ್ರ, ಹಿಂದೆ 11ರಿಂದ 28 ಹಲ್ಲಿನವರೆಗೆ ಹನ್ನೊಂದು, ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್. ಪೆಡಲ್ ಸೇರಿ 8.9 ಕಿಲೋ. ಫ್ರೇಮ್ ಕಂಪನಿಯ ಹೆಸರು ಹಾಕುತ್ತಿಲ್ಲ. ಆ ಮಾಡೆಲ್ ನಿಂತುಹೋಗಿದೆ, ಹೆಚ್ಚುಕಮ್ಮಿ ಇದೇ ಥರದ ಫ್ರೇಮ್ ನಾಲ್ಕೈದು ಕಂಪನಿಗಳಲ್ಲಿ ಬರುತ್ತಿತ್ತು. ಮನೆಗೆ ತಂದ ದಿನ ಅಮ್ಮ ಅದನ್ನು ಒಂದು ಸುತ್ತು ಹಾಕಿ ನೋಡಿ, "ಇಷ್ಟು ದುಡ್ಡು ಕೊಟ್ಟಿದ್ದೀಯ, ಒಂದು ಸ್ಟ್ಯಾಂಡೂ ಕೊಟ್ಟಿಲ್ವಲ್ಲೋ, ಕ್ಯಾರಿಯರ್ ಬೇಡ ಬಿಡು, ಬೆಲ್ಲಾದ್ರೂ?" ಅಂದರು. ಬೆಲ್ ವಿಷಯದಲ್ಲಿ ಅವರು ಹೇಳಿದ್ದೇ ಸರಿ, ಹೆಬ್ಬಾಳದಲ್ಲಿ ಎರಡು ಸಲ ಬಸ್ಸಿನ ಪಕ್ಕಕ್ಕೆ ಸಿಕ್ಕಿಕೊಂಡ ಮೇಲೆ ಹಾಕಿಸಿದೆ.

ಬೆಂಗಳೂರಿನ ರೋಡ್ ಸೈಕಲ್‌ಗಳಿಗೆಲ್ಲ ನಂದಿ ಬೆಟ್ಟವೇ ಪರೀಕ್ಷೆ. ನಾಲ್ಕು ಗಂಟೆಗೆ ಎದ್ದು, ಎರಡು ಬಾಳೆಹಣ್ಣು ತಿಂದು, ಜೇಬಿಗೆ ನಾಲ್ಕು ಕಡ್ಲೆ ಚಿಕ್ಕಿ ಹಾಕಿಕೊಂಡು ಬಳ್ಳಾರಿ ರಸ್ತೆಯಲ್ಲಿ ಹೊರಟರೆ ದೇವನಹಳ್ಳಿ ದಾಟುವಾಗ ಬೆಳಕು ಹರಿಯುತ್ತದೆ. ಬುಡದಿಂದ ಮೇಲಕ್ಕೆ ಏಳೆಂಟು ಕಿಲೋಮೀಟರ್ ಏರು, ಕೊನೆಯ ಭಾಗ ಜಾಸ್ತಿ ಕಡಿದು. ಮೊದಲ ಸಲ ನಾನು ಹತ್ತಲು 34 ನಿಮಿಷ ತಗೊಂಡೆ. ಮುಂದೆ 34, ಹಿಂದೆ 28 ಹಲ್ಲಿನ ಅತಿ ಹಗುರದ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9 ಕಿಲೋಮೀಟರ್ ಬರುತ್ತದೆ. ಅದಕ್ಕಿಂತ ನಿಧಾನ ಹೋಗಬೇಕಾದರೆ ಮಂಡಿಯೇ ಬೆಲೆ ಕೊಡಬೇಕು, ನನ್ನ ಮಂಡಿ ಕೊಟ್ಟಿದೆ. ಆಮೇಲೆ 11-32 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಲು ಹೋದಾಗ ಗೊತ್ತಾಗಿದ್ದು, ನನ್ನ ಸೈಕಲ್ಲಿಗೆ ಬಂದಿದ್ದ ಹಿಂದಿನ ಡಿರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ, ಗಿಡ್ಡ ತೋಳಿನ ಶಾರ್ಟ್ ಕೇಜ್, ಅದು 30 ಹಲ್ಲಿನವರೆಗೆ ಮಾತ್ರ. ಹಾಗಾಗಿ ಲಾಂಗ್ ಕೇಜ್ ಡಿರೇಲರ್ ಬೇರೆ, ಉದ್ದದ ಚೈನ್ ಬೇರೆ. ಕೊಳ್ಳುವಾಗಲೇ ಕೇಳಿದ್ದರೆ ಅಂಗಡಿಯವರು ಬದಲಾಯಿಸಿ ಕೊಡುತ್ತಿದ್ದರೇನೋ, ನನಗೆ ಕೇಳುವಷ್ಟು ಗೊತ್ತಿರಲಿಲ್ಲ. ಆ 32 ಹಲ್ಲಿನ ಬೆಲೆ ನನಗೆ ನಿಜವಾಗಿ ತಿಳಿದಿದ್ದು ಕಲ್ಹಟ್ಟಿಯಲ್ಲಿ. 2008ರಿಂದ ನಡೆಯುತ್ತಿರುವ ಹಲವು ದಿನದ ಸೈಕಲ್ ಯಾತ್ರೆ ಟೂರ್ ಆಫ್ ನೀಲಗಿರೀಸ್‌ಗೆ ಒಂದು ವರ್ಷ ರಜೆ ಹಾಕಿ ಹೋಗಿದ್ದೆ. ಮಸಿನಗುಡಿಯಿಂದ ಊಟಿಗೆ ಏರುವ ಆ ದಾರಿಯಲ್ಲಿ 36 ಹೇರ್‌ಪಿನ್ ತಿರುವು, ಪ್ರತಿ ತಿರುವಿಗೂ ನಂಬರ್ ಬೋರ್ಡು. ಹನ್ನೊಂದನೇ ಬೋರ್ಡಿನ ಹತ್ತಿರ ಇಳಿದು ಸೈಕಲ್ ತಳ್ಳುತ್ತಿದ್ದವರನ್ನು ನಾನು ಕೂತೇ ದಾಟಿದೆ. ಇಪ್ಪತ್ತನೆಯದರ ಹತ್ತಿರ ನಾನೂ ಇಳಿದೆ, ಅದು ಬೇರೆ ಮಾತು.

ತೂಕದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನೂ ಆ ಹುಚ್ಚಿಗೆ ಬಿದ್ದವನೇ. ಸೈಕಲ್ ಜೊತೆ ಬಂದ ಚಕ್ರಗಳು ಭಾರ ಅಂತ 28,000 ಕೊಟ್ಟು 350 ಗ್ರಾಂ ಹಗುರದ ಜೋಡಿ ತಗೊಂಡೆ. ಈಗ ಲೆಕ್ಕ ನೋಡಿ. ನಾನು, ಸೈಕಲ್ ಸೇರಿ 77 ಕಿಲೋ. ಅದರಲ್ಲಿ 350 ಗ್ರಾಂ ಅಂದರೆ ನೂರಕ್ಕೆ ಅರ್ಧವೂ ಇಲ್ಲ. ನಂದಿಯಲ್ಲಿ ನನ್ನ ಈಗಿನ ಸಮಯ 26 ನಿಮಿಷ 40 ಸೆಕೆಂಡ್, ಅದರಲ್ಲಿ ಉಳಿಯೋದು ಏಳು ಸೆಕೆಂಡ್. ಸೆಕೆಂಡಿಗೆ ನಾಲ್ಕು ಸಾವಿರ ರೂಪಾಯಿ ಆಯ್ತು. ಅದೇ ರಾತ್ರಿ ಊಟ ಕಡಿಮೆ ಮಾಡಿ, ಸಂಜೆ ಆಫೀಸ್ ಕ್ಯಾಂಟೀನಿನ ಬೋಂಡ ಬಿಟ್ಟು ಆರು ಕಿಲೋ ಇಳಿದಾಗ ಎರಡು ನಿಮಿಷದ ಹತ್ತಿರ ಉಳಿಯಿತು, ದುಡ್ಡೂ ಉಳಿಯಿತು. ಆದರೂ ಆ ಚಕ್ರ ತಗೊಂಡಿದ್ದಕ್ಕೆ ಬೇಜಾರಿಲ್ಲ, ತಿರುಗುವಾಗ ಬರುವ ಸದ್ದು ಚೆನ್ನಾಗಿದೆ.

ಇನ್ನು ಅಲ್ಯೂಮಿನಿಯಂ ಯಾಕೆ ಅನ್ನೋದಕ್ಕೆ ಬರುತ್ತೇನೆ. ದೊಡ್ಡಬಳ್ಳಾಪುರದ ಕಡೆ ಒಂದು ರೇಸು. ಇಪ್ಪತ್ತೈದು ಜನರ ಗುಂಪು, 40ರ ಮೇಲಿನ ವೇಗ, ಮುಂದಿನವನ ಹಿಂದಿನ ಚಕ್ರಕ್ಕೂ ನನ್ನ ಮುಂದಿನ ಚಕ್ರಕ್ಕೂ ಒಂದು ಗೇಣು. ಆ ಒಂದು ಗೇಣಿನಲ್ಲಿ ಇರುವವರೆಗೆ ಗಾಳಿ ನಿಮ್ಮ ಪಾಲಿಗೆ ಇಲ್ಲ, ತುಳಿಯುವ ಕೆಲಸ ಕಾಲು ಭಾಗವಾದರೂ ಕಡಿಮೆ. ಎಡಗಡೆಯ ಹುಣಸೆ ಮರದ ಹಿಂದಿನಿಂದ ಒಂದು ಕಂದು ನಾಯಿ ಓಡಿ ಬಂತು. ನಾಯಿ ಆರಾಮಾಗಿ ದಾಟಿ ಹೋಯಿತು, ನಾವು ಆರು ಜನ ಬಿದ್ದೆವು. ನನ್ನ ಬಲ ತೊಡೆ, ಮೊಣಕೈ ತರಚಿತು, ಬಿಬ್ ಶಾರ್ಟ್ಸ್ ಹರಿದು ನೋಡಬಾರದ ಹಾಗೆ ಆಯಿತು. ಎದ್ದ ತಕ್ಷಣ ನಾನು ಮಾಡಿದ ಕೆಲಸ ಸೈಕಲ್ ಎತ್ತಿ ಫ್ರೇಮ್ ಸವರಿ ನೋಡಿದ್ದು. ಗೀರು ಇತ್ತು, ಬಣ್ಣ ಹೋಗಿತ್ತು, ಅಷ್ಟೇ. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗನದು ಕಾರ್ಬನ್ ಫ್ರೇಮ್. ಅವನು ಬೆರಳ ಗೆಣ್ಣಿನಿಂದ ಟ್ಯೂಬಿನ ಉದ್ದಕ್ಕೂ ಟಕ್ ಟಕ್ ಅಂತ ತಟ್ಟುತ್ತಾ ಹೋದ, ಹಲಸಿನ ಹಣ್ಣು ತಟ್ಟಿ ನೋಡುತ್ತಾರಲ್ಲ, ಹಾಗೆ. ಒಂದು ಕಡೆ ಸದ್ದು ಬದಲಾಯಿತು. ಟಕ್ ಅನ್ನುವ ಜಾಗದಲ್ಲಿ ಡಬ್ ಅಂದಿತು, ಅಂದರೆ ಒಳಗೆ ಬಿರುಕು. ಅವನು ಮತ್ತೆ ತಟ್ಟಲಿಲ್ಲ. ಹೆಲ್ಮೆಟ್ ಬಿಚ್ಚಿ ಪಕ್ಕಕ್ಕಿಟ್ಟು ಸುಮ್ನೆ ಕೂತ. ಗಾಯದ ಬಗ್ಗೆ ಅವನಿಗೆ ಆ ದಿನ ಯೋಚನೆಯೇ ಇರಲಿಲ್ಲ ಅನ್ನಿಸುತ್ತದೆ.

ನನ್ನದು ಮುಗಿಯಿತು ಅಂದುಕೊಂಡರೆ ಅದೂ ತಪ್ಪು. ಬಲಕ್ಕೆ ಬಿದ್ದಿದ್ದರಿಂದ ಡಿರೇಲರ್ ಹ್ಯಾಂಗರ್ ಒಳಗೆ ಬಾಗಿತ್ತು. ಅದು ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಬೆರಳುದ್ದದ ಒಂದು ತುಂಡು. ಏಟು ಬಿದ್ದರೆ ಫ್ರೇಮ್ ಬದಲು ತಾನು ಬಾಗಲಿ ಅಂತಲೇ ಮೆದು ಮಾಡಿರುತ್ತಾರೆ. ಬೆಲೆ ಸಾವಿರವೂ ಇಲ್ಲ. ಆದರೆ ಪ್ರತಿ ಫ್ರೇಮಿಗೂ ಅದರದ್ದೇ ಆಕಾರ, ಪಕ್ಕದ ಮಾಡೆಲಿನದು ಕೂರೋದಿಲ್ಲ. ಅಂಗಡಿಯವರು ಹದಿನೈದು ದಿನ ಅಂದರು, ಬಂದಿದ್ದು ಏಳು ವಾರಕ್ಕೆ, ಬಂದ ಮೊದಲನೆಯದು ಬೇರೆ ಮಾಡೆಲಿನದು. ಫೋನ್ ಮಾಡಿದಾಗಲೆಲ್ಲ "ಸರ್, ನಾಳೆ ಹೇಳ್ತೀನಿ" ಅನ್ನುವ ಆ ದನಿ ಈಗಲೂ ಕಿವಿಯಲ್ಲಿದೆ. ಎರಡು ರೇಸು ತಪ್ಪಿದವು. ಯಾವ ಸೈಕಲ್ ತಗೊಂಡರೂ ಸರಿ, ತಗೊಂಡ ದಿನವೇ ಎರಡು ಸ್ಪೇರ್ ಹ್ಯಾಂಗರ್ ಆರ್ಡರ್ ಮಾಡಿ. ಒಂದು ಮನೆಯಲ್ಲಿ, ಒಂದು ಸ್ಯಾಡಲ್ ಬ್ಯಾಗಿನಲ್ಲಿ.

ಸೈಕಲ್ಲಿನ ತಪ್ಪಲ್ಲದ ಒಂದು ಸೋಲಿನ ಬಗ್ಗೆಯೂ ಬರೆಯಬೇಕು. ಬಾಗಲಕೋಟೆಯಿಂದ ಬೀಳಗಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ರೇಸಿಗೆ ಹೋಗಿದ್ದೆವು. ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯವರಿಗೆ ಸೈಕಲ್ ರೇಸ್ ಹೊಸದಲ್ಲ, ಜಾತ್ರೆಯಲ್ಲೂ ಸೈಕಲ್ ರೇಸ್ ಇಡುವ ಸೀಮೆ ಅದು, ರಾಜ್ಯದ ಎಷ್ಟೋ ಒಳ್ಳೆ ಸೈಕ್ಲಿಸ್ಟ್‌ಗಳು ಬಂದಿರೋದು ಅಲ್ಲಿಂದಲೇ. ನಾವು ಬೆಂಗಳೂರಿನವರು ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು, ಪವರ್ ಮೀಟರ್ ಗಿವರ್ ಮೀಟರ್ ಎಲ್ಲ ಹಾಕಿಕೊಂಡು ನಿಂತಿದ್ದೆವು. ಪಕ್ಕದಲ್ಲಿ ಒಬ್ಬ ಹುಡುಗ, ಹದಿನೆಂಟಿರಬಹುದು. ಹ್ಯಾಂಡಲ್ ಟೇಪು ಹರಿದು ಇನ್ಸುಲೇಶನ್ ಟೇಪ್ ಸುತ್ತಿದ್ದ. ಹಿಂದೆ ಒಂಬತ್ತೇ ಗೇರು. ನನ್ನ ಸೈಕಲ್ ನೋಡಿ "ಚಲೋ ಐತ್ರಿ ಗಾಡಿ" ಅಂದ.

ಎರೆಭೂಮಿ, ಎರಡೂ ಕಡೆ ಮರ ಇಲ್ಲ, ಗಾಳಿ ಎಡಗಡೆಯಿಂದ ಅಡ್ಡ ಹೊಡೆಯುತ್ತಿತ್ತು. ಹತ್ತನೇ ಕಿಲೋಮೀಟರಿನಲ್ಲಿ ಆ ಕಡೆಯ ಏಳೆಂಟು ಹುಡುಗರು ಮಾತೇ ಇಲ್ಲದೆ ಮುಂದೆ ಬಂದು ರಸ್ತೆಯ ಎಡ ಅಂಚಿನಿಂದ ನಡುಗೆರೆಯವರೆಗೆ ಓರೆಯಾಗಿ ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡರು. ಅಡ್ಡ ಗಾಳಿಯಲ್ಲಿ ಮುಂದಿನವನ ನೇರ ಹಿಂದೆ ನಿಂತರೆ ಮರೆ ಸಿಗೋದಿಲ್ಲ, ಅವನ ಬಲ ಪಕ್ಕಕ್ಕೆ ಸ್ವಲ್ಪ ಹಿಂದೆ ಇರಬೇಕು. ನನಗದು ಗೊತ್ತಿಲ್ಲ ಅಂತಲ್ಲ, ವಿಡಿಯೋದಲ್ಲಿ ನೋಡಿದ್ದೆ. ಆ ಟೇಪಿನ ಹುಡುಗ ತಿರುಗಿ, "ಅಣ್ಣಾರ, ನನ್ನ ಹಿಂದ ನಿಂದ್ರಬ್ಯಾಡ್ರಿ, ಬಲಕ್ಕ ಬರ್ರಿ, ಗಾಳಿ ಎಡಕಿನಿಂದ ಹೊಡ್ಯಾಕತ್ತೈತಿ" ಅಂದ. ರೇಸಿನ ನಡುವೆ ಎದುರಾಳಿಗೆ ಹೀಗೆ ಯಾರು ಹೇಳಿಕೊಡುತ್ತಾರೆ ಹೇಳಿ! ಬಲಕ್ಕೆ ಹೋಗಲು ನೋಡಿದೆ, ಜಾಗ ಇಲ್ಲ. ರಸ್ತೆ ಪೂರ್ತಿ ಬಂದ್ ಮಾಡಿರಲಿಲ್ಲ, ಬಿಳಿ ಗೆರೆ ದಾಟಿದರೆ ರೇಸಿನಿಂದ ಹೊರಗೆ. ಗೆರೆಯ ಮೇಲೆಯೇ ಚಕ್ರ ಇಟ್ಟುಕೊಂಡು, ಪೂರ್ತಿ ಗಾಳಿ ತಿಂದು, ಹೃದಯ ಬಡಿತ 184ಕ್ಕೆ ಹೋಗಿ, ನಾಲ್ಕು ನಿಮಿಷ ಹಿಡಿದೆ. ಮೊದಲು ಒಂದು ಗೇಣಿದ್ದದ್ದು ಒಂದು ಮಾರಾಯಿತು, ಆಮೇಲೆ ಒಂದು ಲಾರಿಯಷ್ಟು, ಆಮೇಲೆ ಅವರ ಬಣ್ಣ ಮಾತ್ರ ಕಾಣುತ್ತಿತ್ತು. ನನ್ನ ಹನ್ನೊಂದು ಗೇರೂ ಇದ್ದಲ್ಲೇ ಇದ್ದವು.

ಚಿಕ್ಕಪುಟ್ಟ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 105 ಗೇರಿನ ಬಗ್ಗೆ ದೂರಿಲ್ಲ. ವರ್ಷಕ್ಕೊಮ್ಮೆ ಒಳಗಿನ ಗೇರ್ ಕೇಬಲ್ ಬದಲಾಯಿಸಿ, ನಾನು ಎರಡು ವರ್ಷ ಎಳೆದು, ಅದು ಎಳೆ ಎಳೆಯಾಗಿ ಬಿಚ್ಚಿಹೋಗಿ, ಮನೆಯಿಂದ 60 ಕಿಲೋಮೀಟರ್ ದೂರದಲ್ಲಿ 11 ಹಲ್ಲಿನ ಒಂದೇ ಗೇರಿನಲ್ಲಿ ವಾಪಸ್ ಬಂದವನು. ಚೈನ್ ಇಲ್ಲಿಯವರೆಗೆ ಎಂಟು, ಕ್ಯಾಸೆಟ್ ಮೂರು. ಮೊದಲ ನಾಲ್ಕು ಚೈನಿಗೆ ಎಣ್ಣೆ ಹಾಕುತ್ತಿದ್ದೆ. ಮೂರೂವರೆ ಸಾವಿರ ಕಿಲೋಮೀಟರಿಗೆ ಚೆಕರ್‌ನಲ್ಲಿ 0.5 ತೋರಿಸುತ್ತಿತ್ತು, ಅಂದರೆ ಸವೆದು ಬದಲಾಯಿಸುವ ಹೊತ್ತು. ನಮ್ಮ ರಸ್ತೆಯ ಧೂಳು ಎಣ್ಣೆಗೆ ಅಂಟಿ ಕಪ್ಪು ಹಿಟ್ಟಿನ ಹಾಗೆ ಆಗುತ್ತದಲ್ವಾ, ಅದೇ ಚೈನನ್ನು ಅರೆಯೋದು. ಆಮೇಲೆ ಹಳೇ ಪಾತ್ರೆಯಲ್ಲಿ ಮೇಣ ಕರಗಿಸಿ ಚೈನ್ ಅದ್ದಲು ಶುರು ಮಾಡಿದೆ, ಈಗ ಒಂದೊಂದು ಆರು ಸಾವಿರ ಬರುತ್ತಿದೆ. ಪಾತ್ರೆ ಹಳೇದು ಅಂತ ನಾನು ಅಂದುಕೊಂಡಿದ್ದೆ, ಹೆಂಡತಿಯ ಲೆಕ್ಕದಲ್ಲಿ ಅದು ಹಳೇದಾಗಿರಲಿಲ್ಲ.

ಟೈರು ಕಾಂಟಿನೆಂಟಲ್ ಜಿಪಿ 5000, 25 ಮಿ.ಮೀ. ಅದಕ್ಕಿಂತ ದಪ್ಪದ್ದು ಈ ಫ್ರೇಮಿಗೆ ಹೋಗೋದಿಲ್ಲ, ನನ್ನ ದೊಡ್ಡ ತಕರಾರು ಇದೇ. ನಮ್ಮ ರಸ್ತೆಗೆ 28 ಇರಬೇಕಿತ್ತು. ಮೊದಲು ಗಟ್ಟಿ ಇದ್ದಷ್ಟೂ ವೇಗ ಅಂತ 120 ಪಿಎಸ್ಐ ಗಾಳಿ ಹೊಡೆಯುತ್ತಿದ್ದೆ, ಕೈ ಜೋಮು ಹಿಡಿದು ಸಂಜೆ ಲ್ಯಾಪ್‌ಟಾಪ್ ಒತ್ತಲು ಆಗುತ್ತಿರಲಿಲ್ಲ. ಈಗ ಹಿಂದೆ 90, ಮುಂದೆ 85. ವೇಗ ಕಡಿಮೆ ಆಗಿಲ್ಲ.

ಒಂದು ಸಲ ತುಳಿದಾಗಲೆಲ್ಲ ಕಟ್ ಕಟ್ ಅನ್ನಲು ಶುರುವಾಯಿತು. ಎರಡು ತಿಂಗಳು ಹುಡುಕಿದೆ. ಬಾಟಮ್ ಬ್ರಾಕೆಟ್ (ಪೆಡಲಿನ ತೋಳು ತಿರುಗುವ ಬೇರಿಂಗ್) ಅಂತ ಒಬ್ಬರು ಹೇಳಿದರು, 2,200 ಕೊಟ್ಟು ಬದಲಾಯಿಸಿದೆ, ಹೋಗಲಿಲ್ಲ. ಪೆಡಲ್ ಅಂದರು, ಬಿಚ್ಚಿ ಗ್ರೀಸ್ ಹಾಕಿದೆ, ಹೋಗಲಿಲ್ಲ. ಕೊನೆಗೆ ಯಶವಂತಪುರದ ಹತ್ತಿರ ಹೀರೋ, ಅಟ್ಲಾಸ್ ರಿಪೇರಿ ಮಾಡುವ ಒಬ್ಬ ಹಿರಿಯರು, ಪಂಕ್ಚರ್ ಹಾಕಿಸಲು ನಿಲ್ಲಿಸಿದಾಗ, "ಎದ್ದು ನಿಂತು ತುಳಿ, ಆಗ್ಲೂ ಬರುತ್ತಾ?" ಅಂತ ಕೇಳಿದರು. ಬರುತ್ತಿರಲಿಲ್ಲ. "ಹಾಗಾದ್ರೆ ಸೀಟು ಕಣಪ್ಪ" ಅಂದು ಸೀಟಿನ ಬೋಲ್ಟ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಬಿಗಿ ಮಾಡಿದರು. ಪಂಕ್ಚರಿಗೆ ಮಾತ್ರ ದುಡ್ಡು ತಗೊಂಡರು.

ರಿಮ್ ಬ್ರೇಕ್ ಒಣ ರಸ್ತೆಯಲ್ಲಿ ಸಾಕು. ಮಳೆಯಲ್ಲಿ ಲಿವರ್ ಎಳೆದ ಮೇಲೆ ರಿಮ್ ಮೇಲಿನ ನೀರು ಹೋಗುವ ತನಕ ಏನೂ ಆಗೋದಿಲ್ಲ, ಆಮೇಲೆ ಗಪ್ಪನೆ ಹಿಡಿಯುತ್ತದೆ. ನಂದಿಯಿಂದ ಮಳೆಯಲ್ಲಿ ಇಳಿಯುವಾಗ ಎಲ್ಲ ದೇವರೂ ನೆನಪಾಗುತ್ತಾರೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪ್ಯಾಡ್ ಬಿಚ್ಚಿ ನೋಡಿ, ಅಲ್ಯೂಮಿನಿಯಂ ಚೂರುಗಳು ಚುಚ್ಚಿಕೊಂಡಿರುತ್ತವೆ. ಪಿನ್ನಿನಿಂದ ಕಿತ್ತು ತೆಗೆಯಬೇಕು, ಇಲ್ಲದಿದ್ದರೆ ಅವೇ ರಿಮ್ ತಿನ್ನುತ್ತವೆ.

ಇದೇ ಥರದ್ದನ್ನು ಈಗ ಯಾರಾದರೂ ತಗೊಳ್ಳಬಹುದಾ? ಮೊದಲ ಎರಡು ಮೂರು ವರ್ಷ ರೇಸ್ ಮಾಡುವವರು, ಬಿದ್ದರೆ ತಮ್ಮ ಜೇಬಿನಿಂದಲೇ ರಿಪೇರಿ ಮಾಡಿಸಬೇಕಾದವರು, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಖಂಡಿತ ತಗೊಳ್ಳಿ, ಫ್ರೇಮಿನ ಬೆಸುಗೆ ಹತ್ತಿರ ಬಿರುಕಿದೆಯಾ ಅಂತ ಟಾರ್ಚ್ ಹಿಡಿದು ನೋಡಿಕೊಂಡು. ಹೊಸದು ಅಂದರೆ ಕಷ್ಟ. ಹನ್ನೆರಡು ಗೇರಿನ ಹೊಸ 105 ಬರೋದೇ ಡಿಸ್ಕ್ ಬ್ರೇಕಿಗೆ ಮಾತ್ರ, ರಿಮ್ ಬ್ರೇಕಿನ ಒಳ್ಳೆ ಚಕ್ರಗಳೂ ಅಂಗಡಿಗಳಲ್ಲಿ ಕಡಿಮೆ ಆಗುತ್ತಿವೆ. ಸೆಕೆಂಡಿಗೆ ನಾಲ್ಕು ಸಾವಿರದ ನನ್ನ ಹಿಂದಿನ ಚಕ್ರದ ರಿಮ್ಮಿನಲ್ಲಿ ಸವೆತ ತೋರಿಸುವ ಗುಳಿ ಹೆಚ್ಚುಕಮ್ಮಿ ಅಳಿಸಿಹೋಗಿದೆ, ಬೆರಳಿಗೆ ಸಿಗುತ್ತಿಲ್ಲ, ಉಗುರಿಗೆ ಮಾತ್ರ ಸಿಗುತ್ತದೆ. ಮೈಸೂರಿನಲ್ಲಿ ಒಬ್ಬರ ಹತ್ತಿರ ಹಳೇ ಜೋಡಿ ಇದೆಯಂತೆ, ಒಂದು ಸ್ಪೋಕ್ ಇಲ್ಲವಂತೆ. ಭಾನುವಾರ ಹೋಗಿ ನೋಡಿಕೊಂಡು ಬರಬೇಕು.