ಎಲೆಯ ತುಕ್ಕು ಸ್ಕ್ರೀನ್ ಶೇರ್‌ನಲ್ಲಿ ಕಾಣುತ್ತದೆಯೇ? ಝೂಮ್, ಮೀಟ್, ಜಿಟ್ಸಿ, ವಾಟ್ಸ್‌ಆ್ಯಪ್: ಒಂದು ಪರಿಶೀಲನೆ

ಮೂಡಿಗೆರೆಯ ತೋಟದಲ್ಲಿ ಕಿತ್ತ ಕಾಫಿ ಎಲೆಯನ್ನು ಬಾಳೆಹೊನ್ನೂರಿನಲ್ಲೋ ಬೆಂಗಳೂರಿನಲ್ಲೋ ಕೂತ ತಜ್ಞರಿಗೆ ತೋರಿಸಬೇಕು. ಇಲ್ಲವೇ ಬೇಲೂರು ಸುತ್ತಲಿನ ವೀರಗಲ್ಲೊಂದರ ಫೋಟೊ ಮುಂದಿಟ್ಟುಕೊಂಡು ನಾಲ್ಕು ಊರಿನವರು ಸೇರಿ ಅಕ್ಷರ ಬಿಡಿಸಬೇಕು. ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಇಂಥ ಕೆಲಸಕ್ಕೆ ಸುಲಭವಾಗಿ ಕೈಗೆ ಸಿಗುವುದು ಝೂಮ್, ಗೂಗಲ್ ಮೀಟ್, ವಾಟ್ಸ್‌ಆ್ಯಪ್. ತಾಂತ್ರಿಕ ಆಸಕ್ತಿ ಇದ್ದವರಿಗೆ ಜಿಟ್ಸಿ. ಮುಖ ನೋಡಿ ಮಾತಾಡಲು ನಾಲ್ಕೂ ಸಾಕು. ಚಿತ್ರ ತೋರಿಸುವ ಮಾತು ಬಂದಾಗಲೇ ಒಂದೊಂದರ ಬಣ್ಣ ಬಯಲಾಗುವುದು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಸ್ಕ್ರೀನ್ ಶೇರ್ ಮಾಡಿದರೆ ನಿಮ್ಮ ಫೋಟೊ ಆ ಕಡೆಗೆ ಹೋಗುವುದಿಲ್ಲ. ಹೋಗುವುದು ನಿಮ್ಮ ಪರದೆಯ ವಿಡಿಯೊ, ಅದೂ ಹಿಂಡಿ ಸಣ್ಣದು ಮಾಡಿದ್ದು. ಮೊಬೈಲಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ ಅಂದರೆ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿ. ಸಾಮಾನ್ಯ ಲ್ಯಾಪ್‌ಟಾಪ್ ಪರದೆ 1366×768. ಇಡೀ ಫೋಟೊ ಪರದೆಗೆ ಹೊಂದಿಸಿಟ್ಟರೆ ಉಳಿಯುವುದು 1024×768, ಅಂದರೆ ಮೂಲದ ಸುಮಾರು ಹದಿನೈದನೇ ಒಂದು ಪಾಲು. ನೆಟ್ ಎಷ್ಟೇ ಚೆನ್ನಾಗಿದ್ದರೂ ಇದಕ್ಕಿಂತ ಹೆಚ್ಚು ಆ ಕಡೆಯವರಿಗೆ ಸಿಗದು. ಅವರು ಮೊಬೈಲನ್ನು ಉದ್ದಕ್ಕೆ ಹಿಡಿದು ನೋಡುತ್ತಿದ್ದರಂತೂ ಚಿತ್ರ ಅಂಗೈ ಅಗಲದ ಪಟ್ಟಿ.

ಬಣ್ಣದ ಕಥೆ ಇನ್ನೊಂದು. ಈ ಆ್ಯಪ್‌ಗಳ ವಿಡಿಯೊದಲ್ಲಿ ಬೆಳಕು–ನೆರಳಿನ ವಿವರ ಪೂರ್ತಿ ಹೋದರೂ ಬಣ್ಣದ ವಿವರ ಸಾಮಾನ್ಯವಾಗಿ ಅಡ್ಡಕ್ಕೆ ಅರ್ಧ, ಉದ್ದಕ್ಕೆ ಅರ್ಧ ಮಾತ್ರ ಹೋಗುತ್ತದೆ. ನಾಲ್ಕು ಚುಕ್ಕಿಗೆ ಒಂದೇ ಬಣ್ಣ. ಮನುಷ್ಯರ ಮುಖಕ್ಕೆ ಇದರಿಂದ ಏನೂ ನಷ್ಟವಿಲ್ಲ. ಹಸಿರೆಲೆಯ ಅಡಿಭಾಗದಲ್ಲಿ ಈಗಷ್ಟೇ ಮೂಡುತ್ತಿರುವ ತುಕ್ಕು ರೋಗದ ಸಣ್ಣ ಹಳದಿ ಚುಕ್ಕಿಗೆ ನಷ್ಟವಿದೆ. ಚುಕ್ಕಿಯ ಅಂಚು ಹಸಿರಿನೊಂದಿಗೆ ಕಲಸಿಹೋಗಿ ಬರೀ ಬಿಸಿಲಿಗೆ ಬಾಡಿದ ಹಾಗೆ ಕಾಣುತ್ತದೆ. ಚುಕ್ಕಿ ದೊಡ್ಡದಾಗಿ ಕಿತ್ತಳೆ ಪುಡಿ ಮೆತ್ತಿಕೊಂಡ ಮೇಲೆ ಯಾವ ಆ್ಯಪ್‌ನಲ್ಲೂ ಗೊತ್ತಾಗುತ್ತದೆ, ಆದರೆ ಆಗ ಆನ್‌ಲೈನ್ ಸಭೆಯೇ ಬೇಡ.

ಝೂಮ್

ಇದ್ದುದರಲ್ಲಿ ಚಿತ್ರ ತೋರಿಸಲು ಇದೇ ವಾಸಿ. ಕಾರಣ, ಶೇರ್ ಮಾಡುವಾಗ ನಿಮ್ಮ ಕೈಯಲ್ಲಿ ಉಳಿಯುವ ಹಿಡಿತ. ಕಂಪ್ಯೂಟರಿನಲ್ಲಿ 'ಶೇರ್ ಸ್ಕ್ರೀನ್' ಒತ್ತಿದರೆ (ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಎಸ್) ತೆರೆದಿರುವ ವಿಂಡೋಗಳೆಲ್ಲ ಸಾಲಾಗಿ ಕಾಣುತ್ತವೆ. ಇಡೀ ಪರದೆ ಕೊಡಬೇಡಿ, ಫೋಟೊ ತೆರೆದಿರುವ ವಿಂಡೋ ಒಂದನ್ನೇ ಆರಿಸಿ. ಅಲ್ಲೇ 'ಆಪ್ಟಿಮೈಸ್ ಫಾರ್ ವಿಡಿಯೊ ಕ್ಲಿಪ್' ಎಂಬ ಟಿಕ್ ಇದೆ. ಹೆಸರು ನೋಡಿ ಒಳ್ಳೆಯದೇ ಇರಬೇಕು ಎಂದು ಹಾಕುವವರು ಬಹಳ. ಅದು ಓಡುವ ವಿಡಿಯೊಗೆ: ಚಲನೆ ತಡವರಿಸದಿರಲಿ ಎಂದು ಸ್ಪಷ್ಟತೆಯನ್ನು ಬಿಟ್ಟುಕೊಡುತ್ತದೆ. ಫೋಟೊ, ಶಾಸನ, ಮಣ್ಣು ಪರೀಕ್ಷೆಯ ಚೀಟಿ ತೋರಿಸುವಾಗ ಆ ಟಿಕ್ ತೆಗೆದೇ ಇರಬೇಕು. ಚಿತ್ರ ಏಕೆ ಮಸುಕು ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದು.

ಟಿಕ್ ಇಲ್ಲದಾಗ ಝೂಮ್ ನಿಂತ ಚಿತ್ರವನ್ನು ಹಂತ ಹಂತವಾಗಿ ತಿಳಿಮಾಡುತ್ತದೆ. ಹೊಸ ಫೋಟೊ ತೆರೆದ ಕೂಡಲೇ ಆ ಕಡೆಯವರಿಗೆ ಮೊದಲು ಮಸುಕಾದದ್ದು ಕಾಣುತ್ತದೆ, ಒಂದೆರಡು ಸೆಕೆಂಡಿನಲ್ಲಿ ಗೆರೆಗಳು ತೀಡಿಕೊಳ್ಳುತ್ತವೆ. ನೆಟ್ ನಿಧಾನವಿದ್ದರೆ ಇನ್ನೂ ಹೊತ್ತು. ಈ ನಡುವೆ ನೀವು ಮೌಸಿನ ಚಕ್ರ ತಿರುಗಿಸಿ ಹಿಗ್ಗಿಸುತ್ತ ಕುಗ್ಗಿಸುತ್ತ ಇದ್ದರೆ ಪ್ರತಿ ಸಲವೂ ಲೆಕ್ಕ ಮೊದಲಿಂದ ಶುರು. ಅವರಿಗೆ ಯಾವಾಗಲೂ ಕಲಸಿದ ಚಿತ್ರವೇ. 'ನೋಡಿ ಇಲ್ಲಿ, ಇಲ್ಲಿ' ಎಂದು ಮೌಸ್ ಸುತ್ತಿಸುವ ಅಭ್ಯಾಸ ಬಿಡಬೇಕು. ಬೇಕಾದ ಜಾಗಕ್ಕೆ ಹಿಗ್ಗಿಸಿ, ಕೈ ತೆಗೆದು, ಮನಸ್ಸಿನಲ್ಲೇ ಐದು ಎಣಿಸಿ ಆಮೇಲೆ ಮಾತು ಶುರು ಮಾಡಿ. ಗುರುತು ಮಾಡಲು 'ಆ್ಯನೊಟೇಟ್' ಇದೆ. ಕಾಂಡಕೊರಕ ಒಳಗೆ ಕೊರೆದು ಹೋದ ದಾರಿಯಲ್ಲಿ ತೊಗಟೆ ಉಬ್ಬಿದ ಗೆರೆಯ ಮೇಲೆ ಒಂದು ಬಾಣ ಎಳೆದಿಟ್ಟರೆ ಮೌಸ್ ಕುಣಿಸುವ ಕೆಲಸವಿಲ್ಲ. ನೋಡುವವರೂ ಅದೇ ಚಿತ್ರದ ಮೇಲೆ ಗೆರೆ ಎಳೆಯಬಹುದು. ಒಂದು ತೊಡಕು: ಗೆರೆ ಪರದೆಗೆ ಅಂಟಿರುತ್ತದೆ, ಫೋಟೊಗಲ್ಲ. ಫೋಟೊ ಸರಿಸಿದರೆ ಬಾಣ ಮಾತ್ರ ಅಲ್ಲೇ ಉಳಿದು ಬೇರೆ ಕೊಂಬೆಯನ್ನು ತೋರಿಸುತ್ತಿರುತ್ತದೆ.

ನೋಡುವವರ ಕಡೆಯಲ್ಲೂ ಒಂದು ಕೆಲಸವಿದೆ. ಝೂಮ್ ಸಾಮಾನ್ಯವಾಗಿ ಬಂದ ಚಿತ್ರವನ್ನು ಅವರ ವಿಂಡೋದ ಅಳತೆಗೆ ಎಳೆದೋ ಕುಗ್ಗಿಸಿಯೋ ಕೂರಿಸುತ್ತದೆ. ಕಂಪ್ಯೂಟರಿನಲ್ಲಿ 'ವ್ಯೂ ಆಪ್ಷನ್ಸ್' ಒಳಗೆ ಹೋಗಿ ಮೂಲ ಅಳತೆಗೆ, ಅಂದರೆ 100 ಪ್ರತಿಶತಕ್ಕೆ, ಇಟ್ಟುಕೊಂಡರೆ ಅಕ್ಷರ ಚೂಪಾಗುತ್ತದೆ. ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿಕೊಳ್ಳಬಹುದು.

ನೆಟ್ ವಿಷಯದಲ್ಲಿ ಝೂಮ್ ಕೊಡುವ ಅಂಕಿ ನಮ್ಮ ಮಲೆನಾಡಿಗೆ ಸಮಾಧಾನ ತರುವಂಥದ್ದು. ಮುಖದ ವಿಡಿಯೊ ಇಲ್ಲದೆ ಪರದೆ ಮಾತ್ರ ಹಂಚಿದರೆ ಸೆಕೆಂಡಿಗೆ 50ರಿಂದ 75 ಕಿಲೋಬಿಟ್ ಸಾಕು. ಮುಖದ ಸಣ್ಣ ಚೌಕವೂ ಜೊತೆಗಿದ್ದರೆ 50ರಿಂದ 150. ದೊಡ್ಡ ವಿಡಿಯೊಗೆ ಇದರ ಎಷ್ಟೋ ಪಟ್ಟು ಬೇಕು. ಒಂದು ಕಡ್ಡಿ ಸಿಗ್ನಲ್ ಬರುವ ತೋಟದ ಮನೆಯಲ್ಲಿ ಕೂತಿದ್ದರೆ ಮೊದಲು ಎಲ್ಲರೂ ಕ್ಯಾಮೆರಾ ಮುಚ್ಚಿ. ತಜ್ಞರಿಗೆ ಬೇಕಿರುವುದು ಗಿಡದ ಮುಖ.

ಉಚಿತ ಖಾತೆಯಲ್ಲಿ ಸಭೆಗೆ 40 ನಿಮಿಷ, 100 ಜನರ ಮಿತಿ. ಇನ್ನೊಬ್ಬರು ಶೇರ್ ಮಾಡಲು ಹೋದಾಗ 'ಹೋಸ್ಟ್ ತಡೆದಿದ್ದಾರೆ' ಎಂದು ಬಂದರೆ ಗಾಬರಿ ಬೇಡ: ಸಭೆ ಕರೆದವರು 'ಶೇರ್ ಸ್ಕ್ರೀನ್' ಪಕ್ಕದ ಸಣ್ಣ ಬಾಣ ಒತ್ತಿಯೋ 'ಹೋಸ್ಟ್ ಟೂಲ್ಸ್' (ಹಳೆಯ ಆವೃತ್ತಿಯಲ್ಲಿ 'ಸೆಕ್ಯುರಿಟಿ') ಒಳಗೆ ಹೋಗಿಯೋ ಎಲ್ಲರಿಗೂ ಬಿಡಬೇಕು. ಮ್ಯಾಕ್‌ನಲ್ಲಿ ಬರೀ ಡೆಸ್ಕ್‌ಟಾಪ್ ಚಿತ್ರ ಕಾಣಿಸಿ ವಿಂಡೋ ಕಾಣದಿದ್ದರೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಟ್ಟಿಲ್ಲ ಎಂದರ್ಥ. ಕೊಟ್ಟ ಮೇಲೆ ಝೂಮ್ ಮುಚ್ಚಿ ತೆರೆಯಬೇಕು. ಎರಡು ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್‌ನಲ್ಲಿ ಆ ಕಡೆಗೆ ಪೂರ್ತಿ ಕಪ್ಪು ಪರದೆ ಹೋಗುವುದುಂಟು. ಝೂಮ್ ಮತ್ತು ಫೋಟೊ ಆ್ಯಪ್ ಎರಡನ್ನೂ ಒಂದೇ ಕಾರ್ಡಿಗೆ ಹೊಂದಿಸಿದರೆ ಸರಿಹೋಗುತ್ತದೆ.

ಝೂಮ್‌ನ ನಿಜವಾದ ಲಾಭ 'ಅಡ್ವಾನ್ಸ್‌ಡ್' ಎಂಬಲ್ಲಿ ಅಡಗಿದೆ: ಎರಡನೇ ಕ್ಯಾಮೆರಾದ ದೃಶ್ಯವನ್ನೇ ಪರದೆಯ ಹಾಗೆ ಹಂಚುವುದು. ಯುಎಸ್‌ಬಿ ಸೂಕ್ಷ್ಮದರ್ಶಕ ಚುಚ್ಚಿದರೆ ಕಂಪ್ಯೂಟರಿಗೆ ಅದೂ ಒಂದು ಕ್ಯಾಮೆರಾ. ಕಾಯಿಕೊರಕ ಕಾಫಿ ಹಣ್ಣಿನ ತುದಿಯ ಹೊಕ್ಕುಳಲ್ಲಿ ಮಾಡುವ ತೂತು ಗುಂಡುಸೂಜಿ ಮೊನೆಯಷ್ಟು, ಹುಳು ಒಂದೂವರೆ ಮಿಲಿಮೀಟರ್ ಆಸುಪಾಸು. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಇದು ಕಾಣುವ ಮಾತೇ ಇಲ್ಲ.

ಹಾಗಿದ್ದೂ ಎಲೆಯನ್ನು ಕ್ಯಾಮೆರಾದ ಮುಂದೆ ಹಿಡಿದೇ ತೋರಿಸುತ್ತೇನೆ ಎನ್ನುವವರು ಹಿನ್ನೆಲೆ ಮಸುಕು ಮಾಡುವ ಆಯ್ಕೆಯನ್ನು ಆಫ್ ಮಾಡಿರಬೇಕು. ಮನುಷ್ಯನಲ್ಲದ್ದನ್ನೆಲ್ಲ ಅಳಿಸುವುದು ಅದರ ಕೆಲಸ. ಎಲೆ, ಕೊಂಬೆ, ಕೆಲವೊಮ್ಮೆ ಹಿಡಿದ ಬೆರಳೂ ಮಾಯ. ಪತ್ರ ಅಥವಾ ಶಾಸನದ ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಒತ್ತಿ ಮಸಿಯಿಂದ ತೆಗೆದ ಪ್ರತಿ) ಹಿಡಿದಾಗ ನಿಮಗೆ ಅಕ್ಷರ ಕನ್ನಡಿಯಲ್ಲಿನ ಹಾಗೆ ತಿರುಗಿ ಕಾಣುತ್ತದೆ. ಅದು ನಿಮಗೆ ಮಾತ್ರ. ಆ ಕಡೆಯವರಿಗೆ ನೆಟ್ಟಗೇ ಇರುತ್ತದೆ. ಹಾಳೆ ಮಗುಚಿ ಹಿಡಿಯುವುದು ಬೇಡ.

ಗೂಗಲ್ ಮೀಟ್

ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರ್‌ನಲ್ಲೇ ನಡೆಯುತ್ತದೆ, ಕೊಂಡಿ ಒತ್ತಿದರೆ ಒಳಗೆ. ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ. ಶೇರ್ ಮಾಡುವಾಗ ಟ್ಯಾಬ್, ವಿಂಡೋ, ಇಡೀ ಪರದೆ ಎಂದು ಮೂರು ದಾರಿ. ಫೋಟೊಗೆ ಟ್ಯಾಬ್ ದಾರಿಯೇ ಸರಿ: ಫೋಟೊ ಫೈಲನ್ನು ಎಳೆದು ಕ್ರೋಮ್‌ನ ಹೊಸ ಟ್ಯಾಬ್ ಮೇಲೆ ಬಿಟ್ಟರೆ ತೆರೆದುಕೊಳ್ಳುತ್ತದೆ, ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಪೂರ್ತಿ ಅಳತೆಗೆ ಹಿಗ್ಗುತ್ತದೆ. ಐಫೋನ್‌ನ ಎಚ್‌ಇಐಸಿ ಫೋಟೊ ಹೀಗೆ ತೆರೆಯದು, ಮೊದಲು ಜೆಪೆಗ್ ಮಾಡಿಕೊಳ್ಳಬೇಕು. ಇಡೀ ಪರದೆ ಕೊಟ್ಟು ಮತ್ತೆ ಮೀಟ್ ವಿಂಡೋಗೆ ಬಂದರೆ ಕನ್ನಡಿಯೊಳಗೆ ಕನ್ನಡಿ ಇಟ್ಟಂತೆ ಸಾಲು ಸಾಲು ಪರದೆ. ಮೊಬೈಲಿನ ಬ್ರೌಸರ್‌ನಿಂದ ಪರದೆ ಹಂಚಲು ಆಗದು, ಅಲ್ಲಿ ಆ್ಯಪ್ಪೇ ಬೇಕು. ಐದಾರು ಫೋಟೊ ಹಾಕಿ ಮಾತಾಡುವ ಸಂಘದ ಸಭೆಗೆ ಮೀಟ್ ಧಾರಾಳ. ಎಲೆಯ ಚುಕ್ಕಿ ಎಣಿಸುವ ಕೆಲಸಕ್ಕೆ ನಮ್ಮ ಆಯ್ಕೆ ಅಲ್ಲ.

ಜಿಟ್ಸಿ ಮುಕ್ತ ತಂತ್ರಾಂಶ. ಸಮಯದ ಕಡಿವಾಣ ಉಳಿದವುಗಳಂತೆ ಬಿಗಿಯಿಲ್ಲ, ಬೇಕಾದರೆ ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. 2023ರ ಆಗಸ್ಟ್‌ನಿಂದ ಅದರ ಸಾರ್ವಜನಿಕ ತಾಣದಲ್ಲಿ ಸಭೆ ಶುರು ಮಾಡುವವರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಒಳಬರಬೇಕು. ಪರದೆ ಹಂಚಿಕೆ ಸಾಮಾನ್ಯವಾಗಿ ಸೆಕೆಂಡಿಗೆ 5 ಚೌಕಟ್ಟಿಗೆ (ಫ್ರೇಮ್) ಹೊಂದಿಸಿರುತ್ತದೆ. ವಿಡಿಯೊಗೆ ಇದು ಕುಂಟು, ನಿಂತ ಚಿತ್ರಕ್ಕೆ ಒಳ್ಳೆಯದೇ. ಮೂರ್ನಾಲ್ಕು ಜನ ಕೂತು ಶಾಸನ ಓದಲು ಸಾಕು.

ಶಾಸನ, ಶಿಲ್ಪ: ಬೇರೆಯೇ ತಲೆನೋವು

ಪಡಿಯಚ್ಚು ಕಪ್ಪು–ಬಿಳುಪು, ಹಾಗಾಗಿ ಬಣ್ಣದ ನಷ್ಟ ಇಲ್ಲಿಲ್ಲ. ಆದರೆ ಕಾಗದದ ತುಂಬ ಮಸಿಯ ಸಣ್ಣ ಕಾಳು ಕಾಳು. ಹಿಂಡುವ ತಂತ್ರಾಂಶಕ್ಕೆ ಕಾಳೂ ಒಂದೇ, ಅಕ್ಷರದ ಗೀಟೂ ಒಂದೇ. ಎರಡನ್ನೂ ನುಣ್ಣಗೆ ಮಾಡಿಬಿಡುತ್ತದೆ. 'ಪ'ಕಾರದ ಒಳಗಿನ ಒಂದು ಗೀಟು ಹೋದರೆ 'ಷ' ಎಂಬುದೇ ಉಳಿಯದು. ಇಡೀ ಶಾಸನ ಒಮ್ಮೆಲೇ ತೋರಿಸದೆ ಪರದೆಗೆ ಎರಡು ಮೂರು ಸಾಲಿನಂತೆ ಮೊದಲೇ ಕತ್ತರಿಸಿಟ್ಟುಕೊಳ್ಳಿ, ಕೊನೆಯ ಸಾಲು ಮುಂದಿನ ತುಂಡಿನಲ್ಲೂ ಇರಲಿ. ಕಲ್ಲಿನ ನೇರ ಫೋಟೊ ಆದರೆ ಬದಿಯಿಂದ ಬೆಳಕು ಬಿದ್ದಾಗ ತೆಗೆದದ್ದೇ ಬೇಕು. ಎದುರು ಫ್ಲ್ಯಾಶ್ ಹೊಡೆದದ್ದು ಯಾವ ಆ್ಯಪ್‌ನಲ್ಲೂ ಉದ್ಧಾರವಾಗದು.

ಬೇಲೂರು, ಹಳೇಬೀಡಿನ ಬಳಪದ ಕಲ್ಲಿನ ಶಿಲ್ಪದಲ್ಲಿ ತೊಂದರೆ ಕತ್ತಲೆಯದು. ನವರಂಗದ ಒಳಗಿನ ಫೋಟೊದಲ್ಲಿ ಕಪ್ಪು, ಕಡುಬೂದು, ಮತ್ತೆ ಕಪ್ಪು. ವಿಡಿಯೊ ಹಿಂಡುವಾಗ ಮೊದಲು ಕೈಬಿಡುವುದು ಇಂಥ ಕತ್ತಲ ಭಾಗದ ಸಣ್ಣ ವ್ಯತ್ಯಾಸಗಳನ್ನೇ. ಮದನಿಕೆಯ ಕೊರಳ ಹಾರ ಚೌಕ ಚೌಕದ ಕಲೆಯಾಗುತ್ತದೆ. ಸಭೆಗೆ ಮೊದಲೇ ಫೋಟೊದ ನೆರಳಿನ ಭಾಗ ಎತ್ತಿ ಬೇರೆ ಪ್ರತಿ ಮಾಡಿಕೊಂಡರೆ ಬಹುಪಾಲು ಉಳಿಯುತ್ತದೆ.

ವಾಟ್ಸ್‌ಆ್ಯಪ್, ಅಂದರೆ ಮೂಲ ಫೈಲ್

ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲಿ 2023ರಿಂದ ಸ್ಕ್ರೀನ್ ಶೇರ್ ಬಂದಿದೆ. ಚಿತ್ರ ಪರೀಕ್ಷೆಗೆ ಅದನ್ನು ನಂಬಬೇಡಿ. ಫೋನ್ ಪರದೆ ಪೂರ್ತಿ ಹೋಗುವುದರಿಂದ ನಡುವೆ ಬರುವ ಬ್ಯಾಂಕಿನ ಒಟಿಪಿಯೂ ಮೆರವಣಿಗೆ ಹೊರಡುತ್ತದೆ. ಅದರ ಉಪಯೋಗ ಬೇರೆ: ಫೋಟೊವನ್ನು 'ಡಾಕ್ಯುಮೆಂಟ್' ಆಗಿ ಕಳಿಸುವುದು. ಮಾಮೂಲು ಫೋಟೊ ಆಗಿ ಕಳಿಸಿದರೆ ಕುಗ್ಗಿಸುತ್ತದೆ, ಎಚ್‌ಡಿ ಒತ್ತಿದರೂ ಸ್ವಲ್ಪ ಹಿಂಡುತ್ತದೆ. ಪಿನ್ ಗುರುತು ಒತ್ತಿ ಡಾಕ್ಯುಮೆಂಟ್ ಆರಿಸಿದರೆ ಮೂಲ ಫೈಲ್ ಇದ್ದ ಹಾಗೇ ಹೋಗುತ್ತದೆ. 4 ಎಂಬಿ ಫೋಟೊಗೆ 2 ಎಂಬಿಪಿಎಸ್ ಅಪ್‌ಲೋಡ್ ಇದ್ದರೂ ಲೆಕ್ಕಕ್ಕೆ 16 ಸೆಕೆಂಡ್. ಒಂದು ಎಚ್ಚರಿಕೆ: ಹೀಗೆ ಕಳಿಸಿದ ಫೈಲಿನಲ್ಲಿ ಫೋಟೊ ತೆಗೆದ ಜಾಗದ ಗುರುತೂ ಇರಬಹುದು. ತಜ್ಞರಿಗೆ ಅದು ಅನುಕೂಲ. ಗೊತ್ತಿಲ್ಲದವರಿರುವ ಗುಂಪಿಗೆ ಹಾಕುವುದಾದರೆ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ ತೆಗೆದದ್ದನ್ನೇ ಹಾಕಿ.

ನಾಲ್ಕನ್ನೂ ತೂಗಿದರೆ ಕೆಲಸಕ್ಕೆ ಬರುವುದು ಒಂದು ಜೋಡಿ: ಎಲ್ಲರ ಕಣ್ಣು ಒಂದೇ ಜಾಗದ ಮೇಲಿರಲು ಝೂಮ್, ನಿಜವಾಗಿ ನೋಡಲು ಡಾಕ್ಯುಮೆಂಟ್ ಆಗಿ ಕಳಿಸಿದ ಫೈಲ್. ಸಭೆಗೆ ಅರ್ಧ ಗಂಟೆ ಮೊದಲೇ ಫೈಲ್‌ಗಳಿಗೆ 01, 02 ಎಂದು ಹೆಸರಿಟ್ಟು ಕಳಿಸಿ. ಪ್ರತಿ ಗಿಡಕ್ಕೆ ಇಡೀ ಗಿಡ, ಕೊಂಬೆ, ಎಲೆಯ ಮೇಲ್ಭಾಗ, ಅಡಿಭಾಗ ಎಂದು ನಾಲ್ಕು, ಎಲೆಯ ಪಕ್ಕ ಒಂದು ರೂಪಾಯಿ ನಾಣ್ಯ. ಎಲ್ಲರೂ ಫೋನಿನ 'ಐ ಕಂಫರ್ಟ್' ಆಫ್ ಮಾಡಿರಬೇಕು. ಇಲ್ಲದಿದ್ದರೆ ಆರೋಗ್ಯವಂತ ಎಲೆಯೂ ಹಳದಿಯೇ. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ, ಅದರ ಹಿಂದೆಯೇ ಟವರ್ ಕುಂಟತೊಡಗಿ ಝೂಮ್ ನಿಂತರೂ ಮಾಮೂಲು ಫೋನ್ ಕರೆಯಲ್ಲಿ 'ಏಳನೇ ಚಿತ್ರ, ಎಡಗಡೆ ಮೂಲೆ, ನಾಣ್ಯದ ಮೇಲುಗಡೆ ನೋಡಿ ಸಾರ್' ಎಂದರೆ ಮಾತು ಮುಂದುವರಿಯುತ್ತದೆ.